ಎದೆಗವಚಿದ ಹಾಜರಿ ಪುಸ್ತಕ

ಜನವರಿ 21, 2008, ಸೋಮವಾರ. ಬೆಳಗಿನ ಜಾವ

ಸಿರಿ ಮಲಗಿದ್ದಾಳೆ. ಅಂದರೆ ನಾನು ಎದ್ದಿದ್ದೇನೆ. ಮಗು ಅಳುವಾಗ ನಿದ್ದೆಯಿಲ್ಲ. ಅಳದಿದ್ದರೆ, ಯಾಕೆ ಅಳುತ್ತಿಲ್ಲ ಎಂದು ನಿದ್ದೆಯಿಲ್ಲ. ಮೂಗಿನ ಕೆಳಗೆ ಬೆರಳು ಹಿಡಿದು ನೋಡಿ ಬಂದೆ. ಉಸಿರು ಬಿಸಿಯಾಗಿ ತಾಗಿತು. ಇನ್ನು ಸ್ವಲ್ಪ ಹೊತ್ತು ಧೈರ್ಯ.

ಇವರದು ಈ ವಾರ ನೈಟ್ ಶಿಫ್ಟ್. ಬಿಡದಿಯಿಂದ ಕಂಪನಿ ಬಸ್ಸು ಬರುವ ಹೊತ್ತಿಗೇ ನಾನು ರಾಮನಗರದ ಬಸ್ಸು ಹತ್ತಬೇಕು. ಗಂಡ ಹೆಂಡತಿ ಮಾತಾಡುವುದೆಲ್ಲ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲೇ — ಅವರು ಇಳಿಯುವಾಗ, ನಾನು ಹತ್ತುವಾಗ.

ಕಾಲೇಜಿನಲ್ಲಿ ಹೊಸ ಗಲಾಟೆ. ಫೆಬ್ರವರಿ ಕೊನೆಗೆ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಕಮಿಟಿ ಬರುತ್ತದೆ. ಕಟ್ಟಡಕ್ಕೆ ಸುಣ್ಣ ಬಳಿದಾಯಿತು, ಈಗ ನಮ್ಮ ಸರದಿ. ಪ್ರಿನ್ಸಿಪಾಲ್ ಚನ್ನಲಿಂಗಪ್ಪನವರು ಶನಿವಾರದ ಮೀಟಿಂಗಿನಲ್ಲಿ ಹೇಳಿದರು — ಪೀರ್ ಅಬ್ಸರ್ವೇಶನ್. ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಕೂತು ನೋಡಬೇಕು, ಕಂಡದ್ದನ್ನು ಬರೆದುಕೊಡಬೇಕು. ಪಾಠ ಮಾಡಿದವರು ತಮ್ಮ ಬಗ್ಗೆ ತಾವೇ ಬರೆದುಕೊಳ್ಳಬೇಕು, ಅದು ಸೆಲ್ಫ್ ಅಸೆಸ್‌ಮೆಂಟ್.

ಕೇಳಿ ನನಗೆ ನಿಜಕ್ಕೂ ಖುಷಿಯಾಯಿತು. ಪಾಠ ಮಾಡಲು ಶುರು ಮಾಡಿದಾಗಿನಿಂದ ನನ್ನ ಕ್ಲಾಸನ್ನು ಬಲ್ಲವರು ಯಾರೂ ನೋಡಿಲ್ಲ. ಸರಿಯೋ ತಪ್ಪೋ ಹೇಳುವವರಿಲ್ಲ. ಮಗು ಸಾಕುವುದಕ್ಕೆ ಮಾತ್ರ ಬೀದಿಯವರೆಲ್ಲ ಅಬ್ಸರ್ವರ್‌ಗಳು.

ಖುಷಿ ಸಂಜೆಯೊಳಗೆ ಇಳಿಯಿತು. ಕ್ಯಾಂಟೀನಿನಲ್ಲಿ ಎಲ್ಲರೂ ಜೋಡಿ ಜೋಡಿಯಾಗಿ ಕೂತು ಬೋಂಡಾ ತಿನ್ನುತ್ತ ಫಾರಂ ತುಂಬುತ್ತಿದ್ದರು. "ನೀವು ನಂಗೆ ಎಕ್ಸಲೆಂಟ್ ಹಾಕಿ, ನಾನು ನಿಮ್ಗೆ ಹಾಕ್ತೀನಿ." ಯಾರ ಕ್ಲಾಸಿಗೂ ಯಾರೂ ಹೋಗಿರಲಿಲ್ಲ. ಕಾಮರ್ಸಿನವರೊಬ್ಬರು 'ಸುಧಾರಣೆಗೆ ಸಲಹೆ' ಎಂದಿದ್ದ ಕಡೆ 'ಇಲ್ಲ' ಎಂದು ಬರೆದು, ಎಣ್ಣೆ ಕೈ ಒರೆಸಿಕೊಂಡು ಎದ್ದರು.

ನನ್ನ ಜೋಡಿ ನೀಲಕಂಠ ಸರ್. ನಮ್ಮ ಕನ್ನಡ ವಿಭಾಗದ ಹಿರಿಯರು. ಅವರು ಬೋಂಡಾ ತಿನ್ನುವವರಲ್ಲ. "ಗುರುವಾರ ನಿಮ್ಮ ಕ್ಲಾಸಿಗೆ ಬರ್ತೀನಿ ಮೇಡಂ. ಬರವಣಿಗೆ ಪೀರಿಯಡ್ಡಿಗೇ."

ಆ ಪೀರಿಯಡ್ ನನ್ನ ಹಠ. ನಮ್ಮಲ್ಲಿ ಪ್ರಬಂಧ ಎಂದರೆ ಮೇಷ್ಟ್ರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಉರು ಹೊಡೆದು ಪರೀಕ್ಷೆಯಲ್ಲಿ ಇಳಿಸುತ್ತಾರೆ. ಈ ವರ್ಷ ಎಲ್ಲರ ಬಾಯಲ್ಲೂ ಒಂದೇ — 'ನೂತನ ಜಿಲ್ಲೆ ರಾಮನಗರ: ಅಭಿವೃದ್ಧಿಯ ಹಾದಿಯಲ್ಲಿ'. ನಾನು ಹೇಳಿ ಬರೆಸುವುದಿಲ್ಲ. ಅವರೇ ಬರೆಯಲಿ. ಪ್ರಿನ್ಸಿಪಾಲರಿಗೆ ಇದರ ಮೇಲೆ ಅನುಮಾನ. "ಅಬ್ಸರ್ವೇಶನ್ ರಿಪೋರ್ಟ್ ಬರ್ಲಿ, ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ಆ ಪೀರಿಯಡ್ಡು ನೋಟ್ಸಿಗೆ." ನಾನೋ ಅತಿಥಿ ಉಪನ್ಯಾಸಕಿ. ಪೀರಿಯಡ್ ಹೋದರೆ ಅತಿಥಿಯೂ ಎದ್ದು ಹೊರಡಬೇಕು.

ಎದ್ದಳು —

ಜನವರಿ 24, ಗುರುವಾರ. ಸಂಜೆ

ಕೆಟ್ಟ ದಿನ. ಬರೆದೇ ತೀರುತ್ತೇನೆ.

ಬೆಳಿಗ್ಗೆ ಸಿರಿಗೆ ಮೂಗು ಕಟ್ಟಿತ್ತು. ಎದೆಗೆ ಬಾಯಿ ಹಾಕಲಿಲ್ಲ. ಮುಖ ತಿರುಗಿಸಿದಳು, ಅತ್ತಳು, ಮತ್ತೆ ತಿರುಗಿಸಿದಳು. ಅತ್ತೆ ನನ್ನ ಮಡಿಲಿಂದ ಎತ್ತಿಕೊಂಡರು. "ಹೋಗವ್ವ, ಬಸ್ಸು ಹೊಂಟೋಯ್ತದೆ. ನಾನಿಲ್ವಾ." ಹೋದೆ. ಬಸ್ಸಿನಲ್ಲಿ ಕೂತಾಗಲೇ ಹಾಲು ಕಟ್ಟಿ ಎದೆ ಕಲ್ಲಾಗಿತ್ತು.

ನೀಲಕಂಠ ಸರ್ ನನಗಿಂತ ಮೊದಲೇ ಬಂದು ಕೊನೆಯ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಪಾಪ, ನನ್ನ ಮರ್ಯಾದೆ ಉಳಿಸಲು.

ಕೊಟ್ಟ ವಿಷಯ — 'ನಿಮ್ಮ ಮನೆಯಲ್ಲಿ ದಿನವೂ ಕೇಳುವ ಒಂದು ಸದ್ದು.' ನಮ್ಮ ಕ್ಲಾಸಿನ ಪದ್ಧತಿ ಅವರಿಗೆ ಗೊತ್ತು. ಮೊದಲು ಬರೆಯಬೇಕು. ಪಕ್ಕದವರಿಗೆ ಕೊಡಬೇಕು. ಅವರು ಹೊಗಳುವಂತಿಲ್ಲ, ತಿದ್ದುವಂತಿಲ್ಲ, ಕೆಳಗೆ ಒಂದೇ ಒಂದು ಪ್ರಶ್ನೆ ಬರೆಯಬೇಕು. ಆ ಪ್ರಶ್ನೆಗೆ ಉತ್ತರ ಸೇರುವ ಹಾಗೆ ಮತ್ತೆ ಬರೆಯಬೇಕು. ಇಷ್ಟು ಹೇಳಿ ಬಾಯಿ ಮುಚ್ಚಿದೆ. ಆಮೇಲೆ ಪೆನ್ನುಗಳ ಸದ್ದು ಮಾತ್ರ. ವಾರದಲ್ಲಿ ನನಗೆ ತೀರಾ ಇಷ್ಟವಾದ ಹೊತ್ತು ಅದು.

ನಜೀರನ ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಮೊದಲ ಸಲ ಬರೆದದ್ದು ಗೈಡಿನ ಸಾಲು — 'ರೇಷ್ಮೆ ನಮ್ಮ ನಾಡಿನ ಹೆಮ್ಮೆ.' ಪಕ್ಕದಲ್ಲಿದ್ದ ಶಾಂಭವಿ ಕೆಳಗೆ ಕೇಳಿದ್ದಳು — 'ನಿಮ್ಮ ಅಪ್ಪ ಊಟಕ್ಕೆ ಯಾವಾಗ ಏಳುತ್ತಾರೆ?' ನಜೀರ್ ಪೆನ್ನು ಕಚ್ಚಿಕೊಂಡು ಕೂತ. ಆಮೇಲೆ ಬರೆದ:

'ಚಕ್ರದ ಸದ್ದು ನಿಂತಾಗ ಅಮ್ಮಿ ಸಾರು ಕೆಳಗಿಳಿಸಿ ಮುಚ್ಚಳ ತೆಗೆಯುತ್ತಾರೆ. ಆರಬೇಕು. ಇಡೀ ದಿನ ಬಿಸಿನೀರಿನಲ್ಲಿ ಗೂಡು ಆಡಿಸಿದ ಕೈಯಿಂದ ಬಿಸಿ ಅನ್ನ ಮುಟ್ಟಲು ಆಗುವುದಿಲ್ಲ. ನಾವೆಲ್ಲ ಉಂಡು ಎದ್ದ ಮೇಲೆ ಅಬ್ಬ ಆರಿದ ಅನ್ನ ಉಣ್ಣುತ್ತಾರೆ. ಬಿಸಿ ಊಟ ಅವರಿಗೆ ಇಷ್ಟವಿಲ್ಲ ಎಂದೇ ನಾನು ತಿಳಿದಿದ್ದೆ.'

ನಿಂತೇ ಓದಿದೆ. ಅದೇ ಹೊತ್ತಿಗೆ ಹಿಂದಿನ ಓಣಿಯಲ್ಲಿ ಯಾರದೋ ಮಗು ಅತ್ತಿತು. ಯಾರ ಮಗು ಎಂದು ಮೈಗೆ ಗೊತ್ತಾಗುವುದಿಲ್ಲ. ಎರಡೂ ಕಡೆ ಹಾಲು ಇಳಿಯಿತು. ತಿಳಿನೀಲಿ ಸೀರೆ ಬೇರೆ... ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎತ್ತಿ ಎದೆಗೆ ಅವಚಿಕೊಂಡೆ. ಗೋಡೆ ಬಿಟ್ಟು ಅಲ್ಲಾಡಲಿಲ್ಲ. ಬೆಲ್ ಹೊಡೆಯುವವರೆಗೂ ಹಾಗೇ. ನೀಲಕಂಠ ಸರ್ ನನ್ನನ್ನು ನೋಡಿದರು. ಫಾರಮ್ಮಿನಲ್ಲಿ ಏನೋ ಬರೆದರು.

ಲೇಡೀಸ್ ರೂಮಿನ ಚಿಲಕ ಮುರಿದಿದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಕರವಸ್ತ್ರಕ್ಕೆ ಹಾಲು ಹಿಂಡಿದೆ. ಮಗುವಿನ ಹಾಲು.

ಜನವರಿ 25, ಶುಕ್ರವಾರ

ರಿಪೋರ್ಟ್ ಕೈಗೆ ಕೊಟ್ಟರು. ಮುತ್ತಿನಂಥ ಅಕ್ಷರ.

'ಶಿಕ್ಷಕಿ ಆರಂಭದ ಸೂಚನೆಯ ನಂತರ ಮಾತನಾಡಲಿಲ್ಲ. ಕಪ್ಪುಹಲಗೆ ಬಳಸಲಿಲ್ಲ. ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಗೋಡೆ ಬದಿ ನಿಂತಿದ್ದರು, ಆತ್ಮವಿಶ್ವಾಸ ಕಡಿಮೆ. ಕೊನೆಯ ಬೆಂಚಿನ ಮೂಲೆಯ ವಿದ್ಯಾರ್ಥಿ ಒಂದಕ್ಷರವನ್ನೂ ಬರೆಯಲಿಲ್ಲ. ಶಿಕ್ಷಕಿ ಅತ್ತ ಹೋಗಲಿಲ್ಲ. ಒಟ್ಟಾರೆ: ಸಾಧಾರಣ.'

ಸಾಧಾರಣ! ಇಡೀ ಕಾಲೇಜಿನಲ್ಲಿ ಎಕ್ಸಲೆಂಟ್ ಅಲ್ಲದವಳು ನಾನೊಬ್ಬಳೇ.

ಸ್ಟಾಫ್ ರೂಮಿನಲ್ಲೇ ಕೇಳಿದೆ. "ಸರ್, ನಾನು ಮಾತಾಡಿದ್ರೆ ಅವರು ಬರೆಯೋದು ಹೇಗೆ?"

"ಮೇಷ್ಟ್ರು ಸುಮ್ನೆ ನಿಂತ್ರೆ ಅದು ಪಾಠ ಹೇಗಾಗುತ್ತೆ ಮೇಡಂ?"

"ನಜೀರ್ ಬರೆದದ್ದು ಓದಿದ್ರಾ?"

"ನಾನು ಹುಡುಗರನ್ನ ನೋಡೋಕೆ ಬಂದಿರ್ಲಿಲ್ಲ. ನಿಮ್ಮನ್ನ ನೋಡೋಕೆ ಬಂದಿದ್ದೆ." ಕನ್ನಡಕ ತೆಗೆದು ಒರೆಸಿದರು. "ಸುಳ್ಳು ಬರ್ದಿದೀನಾ? ಹೇಳಿ."

ಸುಳ್ಳಿಲ್ಲ. ಅದೇ ಕೋಪ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಾಯಲ್ಲೇ ಜಗಳ ಆಡಿಕೊಂಡು ಬಂದೆ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಸಿರಿ ಸಂಜೆ ಹಾಲು ಕುಡಿದಳು. ಚೆನ್ನಾಗಿ ಕುಡಿದಳು. ಆದರೂ ಮೂಗಿನ ಕೆಳಗೆ ಬೆರಳು.

ಜನವರಿ 27, ಭಾನುವಾರ

ಸೆಲ್ಫ್ ಅಸೆಸ್‌ಮೆಂಟ್ ಬರೆಯಲು ಕೂತೆ. 'ನನ್ನ ಸಾಮರ್ಥ್ಯಗಳು', 'ನನ್ನ ಕೊರತೆಗಳು'. ಮೊದಲು ವಕೀಲರ ನೋಟಿಸಿನ ಹಾಗೆ ಬರೆದೆ. ಹರಿದೆ. ಆಮೇಲೆ ಕ್ಷಮಾಪಣೆ ಪತ್ರದ ಹಾಗೆ ಬಂತು. ಅದನ್ನೂ ಹರಿದೆ. ನನ್ನ ಮಕ್ಕಳಿಗೆ ಹೇಳುವುದನ್ನು ನನಗೇ ಹೇಳಿಕೊಂಡೆ — ಕಂಡದ್ದು ಬರಿ. ಬರೆದೆ:

'ಹಾಜರಿ ಪುಸ್ತಕ ಎದೆಗೆ ಹಿಡಿದದ್ದು ನಿಜ. ನನ್ನ ಮಗುವಿಗೆ ಎಂಟು ತಿಂಗಳು. ಹಾಲು ಇಳಿದು ಸೀರೆ ನೆನೆದಿತ್ತು. ಅದು ಆತ್ಮವಿಶ್ವಾಸದ ಕೊರತೆಯಲ್ಲ. ಕೊನೆಯ ಬೆಂಚಿಗೆ ಹೋಗದಿದ್ದದ್ದೂ ನಿಜ. ಅದಕ್ಕೂ ಅದೇ ಕಾರಣ. ಆದರೆ ಹಿಂದಿನ ವಾರಗಳಲ್ಲಿ ಸೀರೆ ಒಣಗಿಯೇ ಇತ್ತು, ಆಗಲೂ ಹೋಗಿರಲಿಲ್ಲ. ಬರೆಯುವವರನ್ನು ನೋಡುತ್ತ ನಿಂತು, ಬರೆಯದವರನ್ನು ಬಿಟ್ಟೆ. ಇದು ನನ್ನ ಕೊರತೆ. ಮುಂದಿನ ವಾರದಿಂದ ಕೊನೆಯ ಬೆಂಚಿನಿಂದ ಶುರು. ಸುಮ್ಮನಿದ್ದದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅವರು ಬರೆಯುವಾಗ ಸುಮ್ಮನಿರುವುದೇ ನನ್ನ ಕೆಲಸ.'

ಇವರಿಗೆ ಓದಿ ಹೇಳುವಾಗ ಅತ್ತೆ ರಾಗಿ ಕೇರುತ್ತಿದ್ದವರು ಮೊರ ನಿಲ್ಲಿಸಿದರು. "ಏನವ್ವ, ಗಂಡಸ್ರು ಓದೋ ಕಾಗದ್ದಲ್ಲಿ ಹಾಲು ಗೀಲು ಅಂತ ಬರ್ದುಬುಟ್ಯಾ?"

"ನಡೆದದ್ದೇ ಅದಲ್ವಾ ಅತ್ತೆ?"

ಮೊರ ಮತ್ತೆ ಆಡಿತು. ತಮ್ಮಷ್ಟಕ್ಕೆ ಎಂಬಂತೆ — "ಈ ನಟರಾಜು ಎಳೇ ಕೂಸಾಗಿದ್ದಾಗ ನಾನೂ ಎದೆ ಸೋರಿಸ್ಕೊಂಡೇ ನಾಟಿ ಹಾಕ್ದೋಳು. ಪಕ್ಕದ ಸಾಲ್ನೋರು ನೋಡ್ಕೊಂಡು ನಕ್ರು. ಯಾರೂ ಮಾರ್ಕ್ಸ್ ಹಾಕ್ನಿಲ್ಲ, ಅಷ್ಟೇಯ."

ಇವರು ನಕ್ಕರು. "ಹಾಕಿದ್ರೆ ನಿಂಗೂ ಸಾಧಾರಣಾನೇ ಬತ್ತಿತ್ತು ಕಣವ್ವ."

"ಹೋಗ್ಲಾ. ಆ ಗದ್ದೆ ಭತ್ತ ತಿಂದೇ ನೀನು ಇಷ್ಟುದ್ದ ಬೆಳ್ದಿರೋದು."

ಜನವರಿ 29, ಮಂಗಳವಾರ

ಇಂದು ನಾನು ನೀಲಕಂಠ ಸರ್ ಕ್ಲಾಸಿನಲ್ಲಿ. ಕೊನೆಯ ಬೆಂಚಿನಿಂದ ಕ್ಲಾಸು ಬೇರೆಯೇ ಕಾಣುತ್ತದೆ. ತಲೆಗಳ ಹಿಂಭಾಗ ಮಾತ್ರ.

'ನೂತನ ಜಿಲ್ಲೆ' ಹೇಳಿ ಬರೆಸುತ್ತಿದ್ದರು. ಎಂಥ ದನಿ! ಗೋಡೆಗೆ ತಾಗಿ ವಾಪಸ್ ಬರುತ್ತದೆ. "ಕೈಗಾರಿಕೆಗಳ ಸ್ಥಾಪನೆಯಿಂದ, ಕಾಮಾ, ಗ್ರಾಮೀಣ ಯುವಕರ ಬದುಕು ಹಸನಾಗಿದೆ. ಫುಲ್ ಸ್ಟಾಪ್." ಪೆನ್ನುಗಳು ಓಡುತ್ತಿದ್ದವು. ಒಂದು ತಲೆಯೂ ಏಳಲಿಲ್ಲ. ನನ್ನ ಮುಂದಿನ ಹುಡುಗಿ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದರಲ್ಲಿ ಜಡೆಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

'ಸಾರಿಗೆ ಸೌಲಭ್ಯ' ಬಂದಾಗ ಯಾಕೋ ನಿಲ್ಲಿಸಿದರು. ಕಿಟಕಿ ಕಡೆ ನೋಡಿದರು. "ನಾನು ಗುಡೇಮಾರನಹಳ್ಳಿಯಿಂದ ಕಾಲೇಜಿಗೆ ಹೊರಟಾಗ ನಮ್ಮವ್ವ ಬಸ್ಸಿನ ತನಕ ಬರೋರು. ಅವರು ಯಾವತ್ತೂ ಬಸ್ಸು ಹತ್ತಿದೋರಲ್ಲ. ನಾನು ಹತ್ತಿದ ಮೇಲೆ ಬಸ್ಸಿನ ಹಿಂಬದಿ ಮುಟ್ಟಿ ಕಣ್ಣಿಗೊತ್ಕೊಳ್ಳೋರು. ದನ ಮುಟ್ಟಿ ನಮಸ್ಕಾರ ಮಾಡ್ತಾರಲ್ಲ, ಹಂಗೆ. ಕಂಡಕ್ಟರ್ ನಗೋನು. ನಂಗೆ ನಾಚಿಕೆ ಆಗಿ ಮುಂದಿನ ಸೀಟಿಗೆ ಹೋಗಿ ಕೂರ್ತಿದ್ದೆ."

ಎಲ್ಲ ತಲೆಗಳೂ ಎದ್ದಿದ್ದವು. ಜಡೆ ಸುತ್ತುವ ಬೆರಳು ನಿಂತಿತ್ತು. ನೀಲಕಂಠ ಸರ್ ಬೆಚ್ಚಿದ ಹಾಗೆ ಪುಸ್ತಕದ ಕಡೆ ತಿರುಗಿದರು. "ಅದು ಬರ್ಕೋಬೇಡಿ. ಹ್ಞಾಂ, ಸಾರಿಗೆ ಸೌಲಭ್ಯದಿಂದ, ಕಾಮಾ..."

ತಲೆಗಳು ಬಗ್ಗಿದವು.

ನಾನು ಬರೆದುಕೊಟ್ಟೆ: 'ದನಿ ಕೊನೆಯ ಬೆಂಚಿಗೂ ಸ್ಪಷ್ಟ. ಉಚ್ಚಾರಣೆ ಅತ್ಯುತ್ತಮ. ವಿದ್ಯಾರ್ಥಿಗಳು ಒಂದೇ ಒಂದು ಸಲ ತಲೆ ಎತ್ತಿದರು — ಉಪನ್ಯಾಸಕರು ತಮ್ಮ ತಾಯಿಯ ಮಾತು ಹೇಳಿದಾಗ. ಅದನ್ನು ಬರೆದುಕೊಳ್ಳಬೇಡಿ ಎಂದರು. ಈ ಗಂಟೆಯಲ್ಲಿ ಬರೆದುಕೊಳ್ಳಬೇಕಾಗಿದ್ದದ್ದು ಅದೊಂದೇ. ಒಟ್ಟಾರೆ: ಸಾಧಾರಣ.'

ಸೇಡಿಗೆ ಬರೆದೆನಾ? ಮತ್ತೆ ಓದಿದೆ. ಇಲ್ಲ. ಕೊನೆಯ ಪದದಲ್ಲಿ ಮಾತ್ರ ಒಸಿ.

ಅವರು ಅಲ್ಲೇ ನಿಂತು ಓದಿದರು. ಮಡಿಸಿ ಜೇಬಿಗೆ ಹಾಕಿಕೊಂಡರು.

ಜನವರಿ 31, ಗುರುವಾರ

ಕೊನೆಯ ಬೆಂಚಿನಿಂದ ಶುರು ಮಾಡಿದೆ. ಮೂಲೆಯಲ್ಲಿ ಮರಿಯಪ್ಪ. ತಿಪ್ಪಸಂದ್ರದವನು, ಬಿಡದಿಯಲ್ಲಿ ರೂಮು. ರಾತ್ರಿ ಒಂದು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕೆಲಸ, ಹಗಲು ಕಾಲೇಜು. ನನ್ನಷ್ಟೇ ಕೆಂಪು ಕಣ್ಣು. ಪಕ್ಕದಲ್ಲಿ ಕೂತೆ.

"ಯಾಕೆ ಬರೆಯಲ್ಲ?"

"ಬರ್ಯಾಕೆ ನಂಗೇನೈತೆ ಮೇಡಂ. ಮಿಷನ್ ಸದ್ದು ಬುಟ್ರೆ ಬೇರೇದು ಕೇಳ್ಸೋದೇ ಇಲ್ಲ."

"ಅದನ್ನೇ ಬರಿ."

"ಅದು ಪ್ರಬಂಧ ಆಯ್ತದಾ?"

"ಬರಿ, ನೋಡೋಣ."

ಎರಡೇ ಸಾಲು ಬರೆದ. ನಜೀರ್ ಹಿಂದೆ ತಿರುಗಿ ಕಾಗದ ಎಳೆದುಕೊಂಡು ಪ್ರಶ್ನೆ ಬರೆದ — 'ಮಿಷನ್ ಆಫ್ ಮಾಡಿದ ಮೇಲೆ?' ಮರಿಯಪ್ಪ ಅವನನ್ನು ದುರುಗುಟ್ಟಿ ನೋಡಿದ. "ಏನ್ಲಾ, ಪೊಲೀಸ್ನೋರ ಥರ ಕೇಳ್ತೀಯ." ಆಮೇಲೆ ಬಗ್ಗಿದವನು ಬೆಲ್ ಹೊಡೆದರೂ ಏಳಲಿಲ್ಲ.

'ಮಿಷನ್ ನಿಂತ ಮೇಲೂ ಸದ್ದು ನನ್ನ ಕಿವಿಯಲ್ಲೇ ಇರುತ್ತದೆ. ಊರಿಗೆ ಹೋದಾಗ ಅವ್ವ ಹಿಂದಿನಿಂದ ಕೂಗಿದರೆ ಕೇಳಿಸುವುದಿಲ್ಲ. ಕಂಪನಿ ಸೇರಿ ಸೊಕ್ಕು ಬಂದಿದೆ, ಕೂಗಿದರೂ ತಿರುಗುವುದಿಲ್ಲ ಎಂದು ಅವ್ವ ಎಲ್ಲರಿಗೂ ಹೇಳುತ್ತಾಳೆ. ಸೊಕ್ಕಲ್ಲ ಎಂದು ನಾನು ಹೇಳಿಲ್ಲ. ಹೇಳಿದರೆ ಕೆಲಸ ಬಿಡು ಅನ್ನುತ್ತಾಳೆ.'

ಇದು ಇಷ್ಟು ದಿನ ಮೂಲೆಯಲ್ಲಿ ಕೂತಿತ್ತು. ನಾನು ಗೋಡೆ ಬದಿ ನಿಂತು ಪೆನ್ನಿನ ಸದ್ದು ಕೇಳಿ ಸಂತೋಷಪಡುತ್ತಿದ್ದೆ.

ನೀಲಕಂಠ ಸರ್ ಆ ಒಂದು ಸಾಲು ಬರೆಯದಿದ್ದರೆ? ಎಲ್ಲರ ಹಾಗೆ ಬೋಂಡಾ ತಿಂದು ಎಕ್ಸಲೆಂಟ್ ಹಾಕಿದ್ದರೆ?

ಫೆಬ್ರವರಿ 5

ಸಿರಿಗೆ ಜ್ವರ.

ಫೆಬ್ರವರಿ 6

ಇಳಿದಿಲ್ಲ. ಹಣೆ ಮುಟ್ಟಿದರೆ ಕೈ ಸುಡುತ್ತದೆ.

ಫೆಬ್ರವರಿ 13, ಬುಧವಾರ

ಇಳಿಯಿತು. ಮೂರು ದಿನ ಆಸ್ಪತ್ರೆಯ ಬೆಂಚು, ಆಮೇಲೆ ಮನೆ. ಅತ್ತೆ ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ಬೆಣ್ಣೆ ಹರಕೆ ಹೊತ್ತರು. ಡಾಕ್ಟರು ಔಷಧಿ ಕೊಟ್ಟರು. ಯಾರಿಂದ ಇಳಿಯಿತು ಎಂದು ಇಬ್ಬರನ್ನೂ ನಾನು ಕೇಳುವುದಿಲ್ಲ. ಇಂದು ಸಿರಿ ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ನನ್ನ ಚಪ್ಪಲಿಯ ತನಕ ಹೋದಳು. ಹಿಡಿದು ಕಚ್ಚಿದಳು. ಅತ್ತುಬಿಟ್ಟೆ.

ಫೆಬ್ರವರಿ 14, ಗುರುವಾರ

ಕಾಲೇಜಿಗೆ ಹೋದೆ. ಹೋದ ಗುರುವಾರ ನನ್ನ ಪೀರಿಯಡ್ಡನ್ನು ನೀಲಕಂಠ ಸರ್ ತೆಗೆದುಕೊಂಡರಂತೆ. ಶಾಂಭವಿಯನ್ನು ಕೇಳಿದೆ.

"ನೂತನ ಜಿಲ್ಲೆ ಬರೆಸಿದ್ರು ಮೇಡಂ. ಅರ್ಧ ಆದ್ಮೇಲೆ ಅವರವ್ವ ಬಸ್ಸಿಗೆ ಕೈ ಮುಗೀತಿದ್ದ ಕತೆ ಹೇಳಿದ್ರು."

"ಆಮೇಲೆ? ಬರ್ಕೋಬೇಡಿ ಅಂದ್ರಾ?"

"ಇಲ್ಲ. ಬೇಕಿದ್ರೆ ಬರ್ಕೊಳ್ಳಿ ಅಂದ್ರು."

ಅಬ್ಬಾ ಮನುಷ್ಯ.

ಮಧ್ಯಾಹ್ನ ಪ್ರಿನ್ಸಿಪಾಲ್ ಕರೆಸಿದರು. ಮೇಜಿನ ಮೇಲೆ ಹೊಸ ಫಾರಂ, ಆಗಲೇ ತುಂಬಿದ್ದು. ನನಗೆ ಎಕ್ಸಲೆಂಟ್. ನೀಲಕಂಠ ಸರ್‌ಗೂ ಎಕ್ಸಲೆಂಟ್. ಸೈನ್ ಮಾತ್ರ ಬಾಕಿ.

"ನೋಡಮ್ಮ, ಮಗುಗೆ ಹುಷಾರಿರ್ಲಿಲ್ಲ ಅಂತ ಕೇಳ್ದೆ. ಈಗ ವಾಸಿನಾ? ಒಳ್ಳೇದಾಯ್ತು. ಇಲ್ಲೊಂದು ಸೈನ್ ಹಾಕ್ಬಿಡಿ. ಹಳೇದು ನಾನು ಹರಿದು ಹಾಕ್ತೀನಿ. ಆ ಇದು... ಅದೆಲ್ಲ ಬರೆದಿದೀರಲ್ಲ, ಫೈಲಿಗೆ ಹೋಗೋದಮ್ಮ, ಕಮಿಟಿ ಗಂಡಸರು ಓದ್ತಾರೆ."

"ಓದ್ಲಿ ಸರ್. ಅವರೂ ಹಾಲು ಕುಡಿದೇ ದೊಡ್ಡವರಾದದ್ದು."

ಬಾಯಿಂದ ಬಂದೇ ಹೋಯಿತು. ಅವರ ಕಿವಿ ಕೆಂಪಾಯಿತು.

ಅವರು ದನಿ ಇಳಿಸಿದರು. ಕಮಿಟಿ ಬರುವುದು ಇಪ್ಪತ್ತೆಂಟಕ್ಕೆ, ಗುರುವಾರ. ನನ್ನ ಪೀರಿಯಡ್ಡಿನ ಹೊತ್ತಿಗೇ ಆ ಕಾರಿಡಾರಿಗೆ ಬರುತ್ತಾರೆ. "ಆವತ್ತೊಂದಿನ ನೂತನ ಜಿಲ್ಲೆ ಡಿಕ್ಟೇಟ್ ಮಾಡ್ಬಿಡಿ. ಕ್ಲಾಸು ಕ್ಲಾಸ್ ಥರ ಕಾಣ್ಬೇಕಲ್ಲಮ್ಮ. ಹೊರಗಿನಿಂದ ನೋಡಿದ್ರೆ ನಿಮ್ದು ಟೆಸ್ಟ್ ನಡೀತಿರೋ ಹಾಗೆ ಇರುತ್ತೆ. ಶನಿವಾರ ಸೈನ್ ಹಾಕಿ ಕೊಡಿ."

ಫೆಬ್ರವರಿ 15, ಶುಕ್ರವಾರ

ಬಸ್ ಸ್ಟ್ಯಾಂಡಿನಲ್ಲಿ ಇವರು ಇಳಿದರು. ಎಲ್ಲ ಹೇಳಿದೆ.

"ಸುಮ್ನೆ ಎಕ್ಸಲೆಂಟ್ ಇಸ್ಕೊಂಡ್ ಬಾ ಕಣೇ. ನಮ್ಮಲ್ಲೂ ಆಡಿಟ್ ಬತ್ತದೆ. ಆವತ್ತು ಎಲ್ರಿಗೂ ಹೆಲ್ಮೆಟ್ಟು, ಗ್ಲೌಸು, ಕಿವಿಗೆ ಬಿರಡೆ. ಅವ್ರು ಗೇಟ್ ದಾಟಿದ್ರೋ ಇಲ್ವೋ, ವಾಪಸ್ ಇಸ್ಕೊಂಡು ಬೀರುಗೆ ಹಾಕ್ತಾರೆ."

"ಕಿವಿಗೂ ಕೊಡ್ತಾರಾ?"

"ಆವತ್ತೊಂದಿನ."

ಮರಿಯಪ್ಪನ ಕಿವಿ ನೆನಪಾಯಿತು. ಇವರ ಕಿವಿ ನೋಡಿದೆ. ನಾನು ಅಡುಗೆ ಮನೆಯಿಂದ ಕೂಗಿದರೆ ಇವರೂ ಈಚೆಗೆ ಎರಡನೇ ಸಲಕ್ಕೆ ಓಗೊಡುತ್ತಾರೆ. ಯಾಕೆ ಇಷ್ಟು ದಿನ...

"ಸೈನ್ ಹಾಕಲ್ಲ," ಎಂದೆ.

"ಹಾಕ್ಬೇಡ ಹೋಗು. ಕೆಲ್ಸ ಹೋದ್ರೆ?"

"ಹೋದ್ರೆ ಮನೇಲಿ ನಿಮ್ಮವ್ವನ್ನ ಅಬ್ಸರ್ವ್ ಮಾಡ್ಕೊಂಡಿರ್ತೀನಿ."

"ಅವ್ವ ನಿಂಗೆ ಸಾಧಾರಣ ಹಾಕ್ತಳೆ ನೋಡ್ತಿರು." ನಕ್ಕರು. ಬಸ್ಸು ಹೊರಟಾಗ ನಗು ಇರಲಿಲ್ಲ. ಕಿಟಕಿಯಿಂದ ನೋಡಿದೆ.

ಫೆಬ್ರವರಿ 16, ಶನಿವಾರ

ಪ್ರಿನ್ಸಿಪಾಲರ ರೂಮಿನಲ್ಲಿ ನೀಲಕಂಠ ಸರ್ ಆಗಲೇ ಕೂತಿದ್ದರು. ನಾನು ನಿಂತೇ ಹೇಳಿದೆ.

"ಸರ್, ನನಗೆ ಬಂದಿರೋ ಸಾಧಾರಣ ನನಗೇ ಇರ್ಲಿ. ಅದರಿಂದ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಬರೆಯೋಕೆ ಶುರು ಮಾಡಿದ. ಎಕ್ಸಲೆಂಟ್ ಹಾಕಿದ್ರೆ ಅವನು ಇನ್ನೂ ಮೂಲೆಯಲ್ಲೇ ಇರ್ತಿದ್ದ. ಹಳೇ ರಿಪೋರ್ಟು, ಅದಕ್ಕೆ ನಾನು ಕೊಟ್ಟ ಉತ್ತರ, ಎರಡೂ ಫೈಲಿನಲ್ಲಿ ಇರಬೇಕು."

ಪ್ರಿನ್ಸಿಪಾಲ್ ನೀಲಕಂಠ ಸರ್ ಕಡೆ ತಿರುಗಿದರು. "ನೀಲಕಂಠ, ನೀವಾದ್ರೂ ಹೇಳಿ. ನಿಮಗೂ ಸಾಧಾರಣ ಹಾಕಿದಾರಂತೆ ಈಯಮ್ಮ. ಇಷ್ಟು ವರ್ಷ ಸರ್ವೀಸಿನವರಿಗೆ!"

"ನೋಡಿದೆ." ಜೇಬಿನಿಂದ ನನ್ನ ರಿಪೋರ್ಟ್ ತೆಗೆದರು. ಮಡಿಕೆಯಲ್ಲಿ ಸವೆದಿತ್ತು. "ಇದೂ ಇರ್ಲಿ. ಆದ್ರೆ ನನ್ನ ರಿಪೋರ್ಟಿನಲ್ಲಿ ಒಂದು ತಪ್ಪಿದೆ. ಪೆನ್ನು ಕೊಡಿ."

ನನ್ನ ಬಗ್ಗೆ ತಾವು ಬರೆದಿದ್ದ ಕಾಗದ ಎಳೆದುಕೊಂಡು, 'ಆತ್ಮವಿಶ್ವಾಸ ಕಡಿಮೆ' ಎಂಬುದರ ಮೇಲೆ ಒಂದೇ ಗೆರೆ ಎಳೆದು ಸೈನ್ ಹಾಕಿದರು. "ನಾನು ಕಂಡದ್ದು ರಿಜಿಸ್ಟರ್ರು. ಆತ್ಮವಿಶ್ವಾಸ ಅನ್ನೋದು ನಾನು ಕಂಡದ್ದಲ್ಲ, ನಾನೇ ಕಟ್ಟಿದ್ದು. ಅದು ಅಬ್ಸರ್ವೇಶನ್ ಅಲ್ಲ." ನನ್ನ ಮುಖ ನೋಡದೆ ಹೇಳಿದರು. "ಕೊನೇ ಬೆಂಚಿಂದು ಮಾತ್ರ ಇರುತ್ತೆ ಮೇಡಂ."

"ಇರ್ಲಿ ಸರ್."

"ಸಾಧಾರಣವೂ."

"ಅದೂ ಇರ್ಲಿ. ನಿಮ್ಮದೂ."

ಮೀಸೆಯೊಳಗೆ ಏನೋ ಅಲುಗಿತು.

ಪ್ರಿನ್ಸಿಪಾಲ್ ಫೈಲನ್ನು ಮೇಜಿನ ಮೇಲೆ ಬಡಿದರು. "ಆಯ್ತು. ಇಬ್ರೂ ಸೇರ್ಕೊಂಡಿದೀರ. ಫೈಲಿಗೆ ಹಾಕ್ತೀನಿ. ಆದ್ರೆ ಇಪ್ಪತ್ತೆಂಟಕ್ಕೆ ಡಿಕ್ಟೇಶನ್ನೇ ಆಗ್ಬೇಕು. ಅವತ್ತು ನಿಮ್ಮ ಕ್ಲಾಸು ಸುಮ್ನೆ ಕೂತಿದ್ರೆ, ಮುಂದಿನ ಸೆಮಿಸ್ಟರ್ ಬಗ್ಗೆ ನನ್ನ ಹತ್ರ ಬರ್ಬೇಡಿ ಅಮ್ಮ. ಆ ಪೀರಿಯಡ್ಡೂ ಇರಲ್ಲ."

ಹೊರಗೆ ಬಂದ ಮೇಲೆ ಕಾರಿಡಾರಿನ ನಲ್ಲಿಯಲ್ಲಿ ಮುಖ ತೊಳೆದೆ.

ಫೆಬ್ರವರಿ 27, ಬುಧವಾರ

ನಿದ್ದೆ ಬರುವುದಿಲ್ಲ ಎಂದು ಮೊದಲೇ ಗೊತ್ತು, ಅದಕ್ಕೇ ಪ್ರಯತ್ನವೂ ಮಾಡುತ್ತಿಲ್ಲ.

ಅತ್ತೆ ನಾಳೆಗೆ ದಪ್ಪ ಹತ್ತಿ ಬಟ್ಟೆ ಮಡಿಸಿ ಕೊಟ್ಟರು, ರವಿಕೆಯೊಳಗೆ ಇಟ್ಟುಕೊಳ್ಳಲು. "ಒಳ್ಳೇ ಸೀರೆ ಉಟ್ಕೊ. ಕಡುಬಣ್ಣದ್ದು." ಆಮೇಲೆ ಬಾಗಿಲ ತನಕ ಹೋಗಿ ತಿರುಗಿದರು. "ಬ್ಯಾಡ. ನಿಂಗ್ಯಾವ್ದು ಬೇಕೋ ಅದ್ನೇ ಉಟ್ಕೊ."

ತಿಳಿನೀಲಿಯದಕ್ಕೆ ಇಸ್ತ್ರಿ ಹಾಕಿದೆ.

ಹೆದರಿಕೆಯಿಲ್ಲ ಎಂದು ಬರೆದರೆ ಸುಳ್ಳು. ಪೀರಿಯಡ್ ಹೋದರೆ ಮರಿಯಪ್ಪ ಮತ್ತೆ ಕಾಮಾ, ಫುಲ್ ಸ್ಟಾಪ್. ನಾಳೆ ಒಂದು ಗಂಟೆ ಡಿಕ್ಟೇಟ್ ಮಾಡಿಬಿಟ್ಟರೆ ಪೀರಿಯಡ್ ಉಳಿಯುತ್ತದೆ. ಒಂದೇ ಗಂಟೆ. ಆದರೆ ಆ ಒಂದು ಗಂಟೆಯಲ್ಲಿ ಮಕ್ಕಳಿಗೆ ಏನು ಕಲಿಸಿದ ಹಾಗಾಯಿತು? ದೊಡ್ಡವರು ನೋಡುವಾಗ ಒಂದು, ನೋಡದಿದ್ದಾಗ ಒಂದು. ಕಿವಿಯ ಬಿರಡೆಯ ಹಾಗೆ.

ಸಿರಿಯ ಉಸಿರು ಬಿಸಿಯಾಗಿ ತಾಗಿತು.

ಫೆಬ್ರವರಿ 28, ಗುರುವಾರ. ಕ್ಲಾಸಿನಲ್ಲಿ

ಇಂದಿನಿಂದ ಹೊಸ ನಿಯಮ ಮಾಡಿದೆ — ಈ ಗಂಟೆಯಲ್ಲಿ ಈ ಕೋಣೆಯೊಳಗೆ ಇರುವವರೆಲ್ಲ ಬರೆಯಬೇಕು. ನಾನೂ. ಅದಕ್ಕೇ ಈ ಡೈರಿಯನ್ನು ತಂದಿದ್ದೇನೆ.

ವಿಷಯ ಹಲಗೆಯ ಮೇಲಿದೆ — 'ನೂತನ ಜಿಲ್ಲೆ ರಾಮನಗರ: ನಮ್ಮ ಮನೆಗೆ ಬಂದದ್ದೇನು?' ಪ್ರಿನ್ಸಿಪಾಲರು ಹೇಳಿದ ವಿಷಯವೇ. ಕಪ್ಪುಹಲಗೆಯನ್ನೂ ಬಳಸಿದೆ.

"ಮೇಡಂ, ಕಮಿಟಿಯವ್ರು ಬಂದ್ರೆ ಎದ್ದು ನಿಲ್ಬೇಕಾ?" ಎಂದು ಶಾಂಭವಿ ಕೇಳಿದಳು.

"ಬೇಡ. ಬರೀತಿರಿ."

"ಏನಾದ್ರೂ ಕೇಳಿದ್ರೆ?" ನಜೀರ್.

"ಉತ್ತರ ಹೇಳಿ. ಆಮೇಲೆ ನೀವೂ ಅವರಿಗೆ ಒಂದು ಪ್ರಶ್ನೆ ಕೇಳಿ. ನಮ್ಮ ಪದ್ಧತಿ ಅದೇ ಅಲ್ವಾ?"

ನಕ್ಕರು. ಈಗ ಪೆನ್ನಿನ ಸದ್ದು ಮಾತ್ರ. ಮರಿಯಪ್ಪ ಆಗಲೇ ಎರಡನೇ ಹಾಳೆ.

ನೀಲಕಂಠ ಸರ್‌ಗೆ ಈ ಹೊತ್ತಿಗೆ ಕ್ಲಾಸಿಲ್ಲ. ಹೇಳದೆ ಕೇಳದೆ ಬಂದರು. ಕುರ್ಚಿ ಹಾಕಿಕೊಳ್ಳಲಿಲ್ಲ. ಮರಿಯಪ್ಪನ ಪಕ್ಕ ಬೆಂಚಿನ ಮೇಲೆ ಕೂತು ಹಾಳೆ ಕೇಳಿ ತೆಗೆದುಕೊಂಡರು. ಒಂದು ಸಾಲು ಬರೆದು ಹೊಡೆದು ಹಾಕಿದರು. ಮತ್ತೆ ಶುರು ಮಾಡಿದ್ದಾರೆ. ಮರಿಯಪ್ಪ ಬಗ್ಗಿ ನೋಡಿ ಕೇಳುತ್ತಿದ್ದಾನೆ — "ಸಾ, ಆಮ್ಯಾಲೆ ಒಂದ್ಸಲಾನಾದ್ರೂ ನಿಮ್ಮವ್ವ ಬಸ್ ಹತ್ತಿದ್ರಾ?"

ಅವರು ತಲೆ ಎತ್ತಲಿಲ್ಲ. ಪೆನ್ನು ಮಾತ್ರ ನಿಂತಿದೆ.

ಕಾರಿಡಾರಿನಲ್ಲಿ ಬೂಟಿನ ಸದ್ದು. ಪ್ರಿನ್ಸಿಪಾಲರ ದನಿ, ಇಂಗ್ಲಿಷಿನಲ್ಲಿ. ಪಕ್ಕದ ಕ್ಲಾಸಿನಿಂದ ಜೋರಾಗಿ ಡಿಕ್ಟೇಶನ್ ಶುರುವಾಯಿತು.

ಎಲ್ಲಿಯೋ ಮಗು ಅಳುತ್ತಿದೆ. ಓಣಿಯಲ್ಲೋ, ನನ್ನ ತಲೆಯಲ್ಲೋ. ಹಾಲು ಇಳಿಯಿತು. ಅತ್ತೆಯ ಬಟ್ಟೆಯೂ ತಡೆಯಲಿಲ್ಲ. ತಿಳಿನೀಲಿಯ ಮೇಲೆ ಅರಳುತ್ತಿದೆ, ನೋಡುತ್ತಿದ್ದೇನೆ.

ಬಾಗಿಲಿನಲ್ಲಿ ನೆರಳು. ನನ್ನ ಮಕ್ಕಳು ಯಾರೂ ಎದ್ದಿಲ್ಲ. ಕೊನೆಯ ಬೆಂಚಿಗೆ ಹೋಗಬೇಕು, ಅಲ್ಲೊಂದು ಪ್ರಶ್ನೆಗೆ ಉತ್ತರ ಬರೆಯಲಾಗದೆ ಒಬ್ಬರು ಕೂತಿದ್ದಾರೆ. ಎದ್ದು, ಇವರೆಲ್ಲರ ಮುಂದೆ, ಉದ್ದಕ್ಕೂ ನಡೆದುಹೋಗಬೇಕು. ಹಾಜರಿ ಪುಸ್ತಕ ಮೇಜಿನ ಮೇಲೇ ಇದೆ. ಅದು ಅಲ್ಲೇ ಇರಲಿ.